ಒಂದೇ ಮಳೆ, ಒಂದೇ ರೂಪಾಯಿ

ಕಮಲಾಪುರದಲ್ಲಿ ಎಂಟು ಎಕರೆ ತೊಗರಿ, ಬದುವಿನ ಪಕ್ಕ ಒಂದಿಷ್ಟು ಕೆಂಪು ಬಾಳೆ ಇಟ್ಟುಕೊಂಡಿರುವ ನಿವೃತ್ತ ಗಣಿತದ ಮಾಸ್ತರರೊಬ್ಬರು. ಕಲಬುರಗಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ಅವರ ಅಣ್ಣನ ಮಗಳು. ಗ್ರಾಚ್ಯುಟಿ ರೊಕ್ಕ ಬಂದಿದೆ. ಅದನ್ನು ಎಲ್ಲಿಡಬೇಕು ಎಂಬುದು ಮಾತು.

ಕಾಕಾ: ನೀ ಕೊಟ್ಟ ಹಾಳಿ ಓದಿದೆ. ಅಮೆರಿಕ, ಜಪಾನ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್ ಅಂತ 23 ದೇಶದ ಹೆಸರು ಅವ. ಒಂದು ಪಾಲು ರೊಕ್ಕ ಅಲ್ಲಿ ಇಡ್ರಿ ಅಂತೀ. ನಾನು ಕಣ್ಣಿಲೆ ನೋಡಿದ್ದಕ್ಕಷ್ಟೇ ರೊಕ್ಕ ಹಾಕಿದಾಂವ. ಹೊಲ ನೋಡೀನಿ, ಮನಿ ನೋಡೀನಿ, ಬಂಗಾರ ನೋಡೀನಿ. ಇದನ್ನ ಎಲ್ಲಿ ಹೋಗಿ ನೋಡ್ಲಿ?

ಮಗಳು: ಅದು ಆಮೇಲೆ ಆಗ್ಲಿ ಕಾಕಾ. ಮೊದಲ ನೀವು ನೋಡಿದ್ದರ ಲೆಕ್ಕ ಹೇಳ್ರಿ. ಮನಿತನದ ಆಸ್ತಿ ಏನೇನದ?

ಕಾಕಾ: ಎಂಟು ಎಕರೆ ಹೊಲ. ಕಲಬುರಗ್ಯಾಗ ಒಂದು ಮನಿ, ಬಾಡಗಿಗಿ ಕೊಟ್ಟೀವಿ. ಹುಡುಗಂದು ಗೊಬ್ಬರ-ಬೀಜದ ಅಂಗಡಿ. ನಿಮ್ಮ ಕಾಕಿ ಬಂಗಾರ. ಬ್ಯಾಂಕಿನ್ಯಾಗ ಎಫ್‌ಡಿ. ನನ್ನ ಪೆನ್ಷನ್.

ಮಗಳು: ಬಾಡಗಿಗಿ ಇದ್ದವರು ಏನ್ ಮಾಡ್ತಾರ?

ಕಾಕಾ: ದಾಲ್ ಮಿಲ್ಲಿನ್ಯಾಗ ಲೆಕ್ಕ ಬರೀತಾರ.

ಮಗಳು: ನೋಡ್ರಿ. ಹೊಲ ತೊಗರಿದು. ಅಂಗಡಿ ಗಿರಾಕಿ ತೊಗರಿ ಬೆಳಿಯವರು. ಬಾಡಗಿ ಕೊಡವರ ಪಗಾರ ತೊಗರಿ ಒಡಿಯೋ ಮಿಲ್ಲಿಂದ. ತೊಗರಿ ಕೈ ಕೊಟ್ಟ ವರ್ಷ ಹೊಲದಾಗ ಬೆಳಿ ಇರಂಗಿಲ್ಲ, ಅಂಗಡ್ಯಾಗ ಉದ್ರಿ ವಸೂಲಾಗಂಗಿಲ್ಲ, ಬಾಡಗಿನೂ ತಡಾ ಆಗ್ತದ. ನೀವು ಮೂರು ಆಸ್ತಿ ಅಂತ ಎಣಿಸ್ತೀರಿ. ನನ್ನ ಲೆಕ್ಕದಾಗ ಅದು ಒಂದೇ ಆಸ್ತಿ, ಮೂರು ಕಡೆ ನಿಂತದ.

ಕಾಕಾ: 2016ರ ಸುಗ್ಗಿ ನೆನಪು ಮಾಡಿಸ್ದಿ. ಅದರ ಹಿಂದಿನ ವರ್ಷ ಪ್ಯಾಟ್ಯಾಗ ತೊಗರಿ ಬ್ಯಾಳಿ ಕಿಲೋಕ್ಕ 200 ರೂಪಾಯಿ ಮುಟ್ಟಿತ್ತು. ಅದನ್ನ ನೋಡಿ ಎಲ್ಲಾರೂ ತೊಗರಿನೇ ಬಿತ್ತಿದ್ರು, ಮಳಿನೂ ಚಲೋ ಆತು. ದೇಶದ ತೊಗರಿ ಒಂದೇ ವರ್ಷದಾಗ ಹತ್ತಿರ ಹತ್ತಿರ ಎರಡು ಪಟ್ಟಾತು. ಬೋನಸ್ ಸೇರಿ ಬೆಂಬಲ ಬೆಲಿ ಕ್ವಿಂಟಲ್‌ಗೆ 5,050 ಅಂತ ಸರಕಾರ ಹೇಳ್ತು, ಗಂಜಿನ್ಯಾಗ ದರ ಅದಕ್ಕಿಂತ ಕೆಳಗ ಬಿತ್ತು. ಖರೀದಿ ಕೇಂದ್ರದ ಮುಂದ ಚೀಲ ಕಾಯ್ಕೋತ ಕೂತವರನ್ನ ನಾನೇ ನೋಡೀನಿ. ಮುಂದ 2022ರ ಹಂಗಾಮಿನ್ಯಾಗ ನೆಟೆ ರೋಗ ಬಂತು. ಹೂವು-ಕಾಯಿ ಹಿಡದ ಗಿಡ ನಿಂತಲ್ಲೇ ಒಣಗಿದ್ವು. ಮರುವರ್ಷ ಕ್ವಿಂಟಲ್‌ಗೆ 10,000 ದಾಟಿತು, ಆದ್ರ ಮಾರ್ಲಿಕ್ಕ ಯಾರ ಮನ್ಯಾಗ ತೊಗರಿ ಇತ್ತು?

ಮಗಳು: ಅದೇ 2016ರ ಜುಲೈನ್ಯಾಗ ನಮ್ಮ ಸರಕಾರ ಮೊಜಾಂಬಿಕ್ ಜೋಡಿ ತೊಗರಿ ತರಿಸೋ ಒಪ್ಪಂದ ಮಾಡ್ಕೊಂಡಿತ್ತು. 2021ರ ಮೇ ತಿಂಗಳಿಂದ ಆಮದಿನ ತಡಿ ತೆಗೆದ್ರು. ಮೊಜಾಂಬಿಕ್, ಮ್ಯಾನ್ಮಾರ್, ತಾಂಜಾನಿಯಾ ತೊಗರಿ ಹಡಗಿನ್ಯಾಗ ಬರ್ತದ. ನೋಡದ ದೇಶ ಅಂದ್ರಿ ನೀವು. ನೋಡದ ದೇಶಗಳು ನಿಮ್ಮ ಹೊಲದ ದರದಾಗ ಆಗಲೇ ಬಂದು ಕೂತಾವ ಕಾಕಾ. ನಿಮ್ಮ ದರ ಇಳಿಸ್ಲಿಕ್ಕ ಕೂತಾವ. ನಿಮಗ ಗಳಿಸಿ ಕೊಡೋ ಹೊರದೇಶ ಒಂದೂ ಇಲ್ಲ. ನನ್ನ ಸಂಕಟ ಇಷ್ಟೇ.

ಕಾಕಾ: ಹಂಗಾದ್ರ ಪೆನ್ಷನ್, ಎಫ್‌ಡಿ? ಅವು ತೊಗರಿ ನಂಬಿಲ್ಲ.

ಮಗಳು: ಅವು ರೂಪಾಯಿ ನಂಬ್ಯಾವ. ನಿಮ್ಮ ಮನಿತನ ಒಂದು ಮಳಿ, ಒಂದು ರೂಪಾಯಿ, ಈ ಎರಡರ ಮ್ಯಾಲೆ ನಿಂತದ. ಇದು ತಪ್ಪು ಅಂತ ನಾ ಅನ್ನಂಗಿಲ್ಲ, ಈ ಭಾಗದಾಗ ಎಲ್ಲಾರ ಮನಿ ಹಿಂಗೇ ಅದ. ಗುಲ್ಬರ್ಗಾ ತೊಗರಿ ಬ್ಯಾಳಿಗಿ 2019ರಾಗ ಜಿಐ, ಅಂದ್ರ ಭೌಗೋಳಿಕ ಗುರುತು, ಸಿಕ್ತು, ಕಮಲಾಪುರದ ಕೆಂಪು ಬಾಳಿಗೂ ಅದ. ನಮ್ಮ ಮಣ್ಣಿನ್ಯಾಗ ಏನು ವಿಶೇಷ ಅದನೋ ಅದಕ್ಕ ಈ ಮರ್ಯಾದಿ ಸಿಕ್ಕದ. ಆದ್ರ ವಿಶೇಷ ಇದ್ದವರಿಗೇ ಅಪಾಯನೂ ಹೆಚ್ಚು. ಇದನ್ನ ನನಗ ಕಲಿಸಿದ್ದು ನಾರ್ವೆ.

ಕಾಕಾ: ಯುರೋಪಿನ ಮ್ಯಾಲಿನ ತುದ್ಯಾಗ ಇರೋ ದೇಶ?

ಮಗಳು: ಹೌದ್ರಿ. 1969ರಾಗ ಅವರ ಸಮುದ್ರದಾಗ ದೊಡ್ಡ ಎಣ್ಣಿ ನಿಕ್ಷೇಪ ಸಿಕ್ತು. ಸಣ್ಣ ದೇಶ, ಒಮ್ಮಿಂದೊಮ್ಮೆ ದೊಡ್ಡ ರೊಕ್ಕ. ಅವರು ಒಂದು ನಿಧಿ ಮಾಡಿದ್ರು, 1996ರಾಗ ಅದಕ್ಕ ಮೊದಲ ರೊಕ್ಕ ಬಿತ್ತು. ಅದರ ನಿಯಮ ಕೇಳ್ರಿ: ಆ ನಿಧಿಯ ರೊಕ್ಕ ನಾರ್ವೆ ಒಳಗ ಹೂಡೋ ಹಂಗೇ ಇಲ್ಲ. ಎಲ್ಲಾನೂ ಹೊರಗ. ಇವತ್ತು ಪ್ರಪಂಚದ ಪೇಟೆಗಳೊಳಗ ಪಟ್ಟಿಯಾದ ಎಲ್ಲಾ ಕಂಪನಿ ಷೇರುಗಳನ್ನ ಒಟ್ಟು ಹಿಡದ್ರ ಸುಮಾರು ಶೇ 1.5 ಆ ಒಂದು ನಿಧಿ ಕೈಯಾಗ ಅದ. ನಮ್ಮ ಭಾರತದ ಕಂಪನಿಗಳೂ ಅದರಾಗ ಅವ.

ಕಾಕಾ: ತಮ್ಮ ದೇಶದಾಗ ಹೂಡಬಾರದು ಅಂತ ತಾವೇ ಕಾನೂನು ಮಾಡ್ಕೊಂಡ್ರಾ? ಅದ್ಯಾಕ?

ಮಗಳು: ಅವರ ಪಗಾರ, ತೆರಿಗಿ, ಮನಿ ಬೆಲಿ ಎಲ್ಲಾ ಎಣ್ಣಿ ಮ್ಯಾಲೆ ನಿಂತಿತ್ತು. ಉಳಿತಾಯನೂ ಅಲ್ಲೇ ಹಾಕಿದ್ರ ಎಣ್ಣಿ ದರ ಬಿದ್ದ ದಿನ ಪಗಾರನೂ ಹೋಗ್ತದ, ಉಳಿತಾಯನೂ ಹೋಗ್ತದ. ಮತ್ತ ಅಷ್ಟು ರೊಕ್ಕ ಒಮ್ಮೆ ಊರಾಗ ಸುರದ್ರ ಉಳದ ಕಸುಬು ಕೆಡ್ತಾವ ಅನ್ನೋ ಅಂಜಿಕಿನೂ ಇತ್ತು. ಒಂದು ದೇಶ ಎಣ್ಣಿಗಿ ಮಾಡಿದ್ದನ್ನ ಒಂದು ಮನಿತನ ತೊಗರಿಗಿ ಸಣ್ಣ ಪ್ರಮಾಣದಾಗ ಮಾಡಬಹುದು.

ಕಾಕಾ: ನಾರ್ವೆ ಸರಕಾರ ಪಗಾರ ಕೊಟ್ಟು ಜಾಣರನ್ನ ಇಟ್ಕೊಂಡಿರ್ತದ. ಯಾವ ಕಂಪನಿ ಗಟ್ಟಿ, ಯಾವುದು ಪೊಳ್ಳು ಅಂತ ನನಗ ಯಾರು ಹೇಳ್ತಾರ?

ಮಗಳು: ಯಾರೂ ಹೇಳೋ ಅವಶ್ಯಕತಿ ಇರಬಾರದು ಅಂತನೇ ಇಂಡೆಕ್ಸ್ ಫಂಡ್ ಹುಟ್ಟಿದ್ದು. ಆರಿಸೋದೇ ಇಲ್ಲ, ಎಲ್ಲಾನೂ ತಗೊಳ್ಳೋದು. ಯಾವ ಕಂಪನಿ ಎಷ್ಟು ದೊಡ್ಡದೋ ಅಷ್ಟು ಪಾಲು. ಎಂಎಸ್‌ಸಿಐ ವರ್ಲ್ಡ್ ಅನ್ನೋ ಸೂಚ್ಯಂಕದಾಗ 23 ಮುಂದುವರಿದ ದೇಶ, 1,300ಕ್ಕೂ ಹೆಚ್ಚು ಕಂಪನಿ ಅವ. ಅವನ್ನ ನೋಡ್ಬೇಕು ಅಂದ್ರೆಲ್ಲ, ಹುಡುಗನ ಅಂಗಡಿಗಿ ಹೋಗ್ರಿ. ಕಪಾಟಿನ್ಯಾಗ ಬಾಯರ್, ಬಿಎಎಸ್‌ಎಫ್ ಡಬ್ಬಿ ಅವ, ಅವು ಜರ್ಮನಿ ಕಂಪನಿ. ಕೊರ್ಟೆವಾ ಅಮೆರಿಕದ್ದು. ಓಣ್ಯಾಗ ನಿಂತ ಹಸಿರು ಟ್ರ್ಯಾಕ್ಟರ್ ಜಾನ್ ಡೀರ್. ಮೊಮ್ಮಕ್ಕಳು ತಿನ್ನೋ ಮ್ಯಾಗಿ ಸ್ವಿಟ್ಜರ್ಲೆಂಡಿನ ನೆಸ್ಲೆದು. ನಿಮ್ಮ ವಾಟ್ಸ್ಯಾಪ್ ಮೆಟಾದ್ದು. ಪ್ರತಿ ಹಂಗಾಮಿಗಿ ಅವರಿಗಿ ರೊಕ್ಕ ಕೊಡ್ತೀರಿ. ಆ ಗಳಿಕ್ಯಾಗ ಒಂದು ಚೂರು ನಿಮ್ಮ ಕಡೆ ಬರ್ಲಿ ಅಂತ ನಾ ಹೇಳೋದು.

ಕಾಕಾ: ವರ್ಲ್ಡ್ ಅಂದ್ರ ಭಾರತನೂ ಬಂತಲ್ಲ?

ಮಗಳು: ಬರಂಗಿಲ್ರಿ. ಹೆಸರು ವರ್ಲ್ಡ್, ಒಳಗ ಮುಂದುವರಿದ ದೇಶ ಅಷ್ಟೇ. ನಮ್ಮನ್ನ, ಚೀನಾನ, ಬ್ರೆಜಿಲನ್ನ ಬ್ಯಾರೆ ಪಟ್ಟ್ಯಾಗ ಇಟ್ಟಾರ. ಪಟ್ಟಿ ಮಾಡೋರ ನಡುವೆನೂ ಒಮ್ಮತ ಇಲ್ಲ. ದಕ್ಷಿಣ ಕೊರಿಯಾನ ಎಂಎಸ್‌ಸಿಐ ಇನ್ನೂ ಉದಯೋನ್ಮುಖ ಅಂತದ, ಎಫ್‌ಟಿಎಸ್‌ಇ ಮುಂದುವರಿದದ್ದು ಅಂತದ. ಹಿಂಗಾಗಿ ಸ್ಯಾಮ್ಸಂಗ್ ಒಂದು ಫಂಡಿನ್ಯಾಗ ಇರ್ತದ, ಇನ್ನೊಂದರಾಗ ಇರಂಗಿಲ್ಲ. ಹೆಸರು ನೋಡಿ ಕೊಳ್ಳಬ್ಯಾಡ್ರಿ, ಯಾವ ಸೂಚ್ಯಂಕ ಅಂತ ಕೇಳಿ ಕೊಳ್ರಿ.

ಕಾಕಾ: ಆರಿಸದೇ ಎಲ್ಲಾನೂ ತಗೊಂಡ್ರ ಪೊಳ್ಳೂ ಬರ್ತದಲ್ಲ. ಹಸನ ಮಾಡಿದ ತೊಗರಿಗಿ ಹೆಚ್ಚು ದರ ಇರ್ತದ.

ಮಗಳು: ಅಮೆರಿಕದವರೂ ಇದನ್ನೇ ಕೇಳಿದ್ರು. 1976ರಾಗ ಜಾನ್ ಬೋಗಲ್ ಅನ್ನೋರು ವ್ಯಾನ್‌ಗಾರ್ಡ್ ಸಂಸ್ಥೆಯಿಂದ ಸಾಮಾನ್ಯರಿಗಿ ಮೊದಲ ಇಂಡೆಕ್ಸ್ ಫಂಡ್ ತೆಗೆದ್ರು. 15 ಕೋಟಿ ಡಾಲರ್ ಕೂಡ್ತದ ಅಂತ ಎಣಿಸಿದ್ರು, ಕೂಡಿದ್ದು 1 ಕೋಟಿ 13 ಲಕ್ಷ. ಬೋಗಲನ ಹುಚ್ಚು ಅಂತ ಮಂದಿ ಆಡ್ಕೊಂಡ್ರು. ಆದ್ರ ಅವರ ಮಾತು ಬರೀ ಗಣಿತ ಕಾಕಾ, ನೀವು ಬೋರ್ಡಿನ ಮ್ಯಾಲೆ ಬರದು ತೋರಿಸಬಹುದು. ಪೇಟೆ ಅಂದ್ರ ಎಲ್ಲಾ ಹೂಡಿಕಿದಾರರ ಮೊತ್ತ. ಎಲ್ಲಾರ ಸರಾಸರಿ ಗಳಿಕಿ ಪೇಟೆಯ ಗಳಿಕಿನೇ ಆಗಬೇಕು. ಒಬ್ಬ ಸರಾಸರಿಗಿಂತ ಮ್ಯಾಲೆ ಹೋದ್ರ ಇನ್ನೊಬ್ಬ ಕೆಳಗ ಇಳಿಲೇಬೇಕು. ಇದರ ಮ್ಯಾಲೆ ಆರಿಸೋರು ತಮ್ಮ ಫೀ ತಗೋತಾರ. ಫೀ ಕಳದ ಮ್ಯಾಲೆ ಆರಿಸೋರ ಗುಂಪು ಒಟ್ಟಾರೆ ಪೇಟೆಗಿಂತ ಹಿಂದ ಬೀಳ್ಲೇಬೇಕು.

ಕಾಕಾ: ಈ ಮಾತಿನ್ಯಾಗ ಗಣಿತ ಅದ. ಒಪ್ತೀನಿ. ಆದ್ರ ಗುಂಪಿನ್ಯಾಗ ಒಬ್ಬ ಅರ್ಜುನ ಇರಬಹುದಲ್ಲ.

ಮಗಳು: ಇರ್ತಾನ. ಯಾರು ಅಂತ 20 ವರ್ಷ ಆದ ಮ್ಯಾಲೆ ಗೊತ್ತಾಗ್ತದ. ಹೂಡೋ ದಿನ ಗೊತ್ತಾಗಂಗಿಲ್ಲ. ವಾರನ್ ಬಫೆಟ್ 2008ರಿಂದ ಹತ್ತು ವರ್ಷಕ್ಕ ಒಂದು ಪಂದ್ಯ ಕಟ್ಟಿದ್ರು. ಅವರ ಕಡೆ ಒಂದು ಬಡ ಇಂಡೆಕ್ಸ್ ಫಂಡ್, ಎದುರಿಗಿ ಭಾಳ ಫೀ ತಗೊಳ್ಳೋ ಹೆಡ್ಜ್ ಫಂಡುಗಳನ್ನ ಕೂಡಿಸಿದ ಐದು ಫಂಡ್. ಹತ್ತು ವರ್ಷಕ್ಕ ಇಂಡೆಕ್ಸ್ ಫಂಡ್ ಒಟ್ಟು ಶೇ 125ರಷ್ಟು ಬೆಳೀತು. ಐದರೊಳಗ ಎಲ್ಲಕ್ಕಿಂತ ಚಲೋ ಮಾಡಿದ್ದು ಶೇ 88ರ ಹತ್ತಿರ.

ಕಾಕಾ: ಫೀ ಅಂದ್ರ ಎಷ್ಟು? ಶೇಕಡಾ ಒಂದೋ ಎರಡೋ ಇರ್ತದ. ಗಂಜಿನ್ಯಾಗ ನಾವು ಅಡತಿ, ಹಮಾಲಿ, ತೂಕದ ಕೂಲಿ ಅಂತ ಕೊಡಂಗಿಲ್ಲೇನು?

ಮಗಳು: ಚಲೋ ಹೋಲಿಸಿದ್ರಿ. ಅಡತಿಯವ್ರಿಗಿ ನೀವು ಮಾರಿದ ದಿನ ಒಮ್ಮೆ ಕೊಡ್ತೀರಿ. ಫಂಡಿನ ಖರ್ಚು ಪ್ರತಿ ವರ್ಷ, ಲಾಭ ಇರ್ಲಿ ಲುಕ್ಸಾನ ಇರ್ಲಿ, ನಿಮ್ಮ ಇಡೀ ರಾಶಿ ಮ್ಯಾಲೆ ಎಣಿಸ್ತಾರ. ಬಿಲ್ಲು ಬರಂಗಿಲ್ಲ, ಒಳಗೇ ಕಡದು ಹೋಗ್ತದ. ಒಂದು ಲಕ್ಷ ಹಿಡೀರಿ. ವರ್ಷಕ್ಕ ಶೇ 10 ಬೆಳೀತದ ಅಂತ ಲೆಕ್ಕದ ಸಲುವಾಗಿ ಹಿಡಿಯೋಣ, ಅಷ್ಟು ಸಿಕ್ಕೇ ಸಿಗ್ತದ ಅಂತ ನಾ ಹೇಳಂಗಿಲ್ಲ. 25 ವರ್ಷ. ಖರ್ಚು ಶೇ 0.5 ಇದ್ರ ಕೈಗಿ ಎಷ್ಟು? ಶೇ 2 ಇದ್ರ ಎಷ್ಟು?

ಕಾಕಾ: ತಾಳು. ಮೊದಲನೆಯದು 1.095ರ 25ನೇ ಘಾತ... ಒಂಬತ್ತೂವರಿ ಲಕ್ಷದ ಮ್ಯಾಲೆ. ಎರಡನೇದು 1.08... ಆರು ಲಕ್ಷ ಎಂಬತ್ತೈದು ಸಾವಿರ.

ಮಗಳು: ಮೊದಲನೆಯದು 9 ಲಕ್ಷ 67 ಸಾವಿರ. ಫರಕು 2 ಲಕ್ಷ 82 ಸಾವಿರ. ನೀವು ಹಾಕಿದ್ದು ಒಂದೇ ಲಕ್ಷ. ಪೇಟೆ ಏರೋದು ಇಳಿಯೋದು ನಿಮ್ಮ ಕೈಯಾಗಿಲ್ಲ, ನನ್ನ ಕೈಯಾಗಿಲ್ಲ. ಖರ್ಚು ಮಾತ್ರ ಮೊದಲೇ ಬರದಿರ್ತದ. ಅದಕ್ಕ ನಾ ಮೊದಲು ಅದನ್ನೇ ಓದ್ತೀನಿ. ನಮ್ಮಲ್ಲಿ 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡಿಗೂ ಡೈರೆಕ್ಟ್ ಪ್ಲಾನ್ ಅಂತ ಅದ, ನಡುವಿನವರ ಕಮಿಷನ್ ಅದರಾಗ ಇಲ್ಲ. ಬ್ಯಾಂಕಿನ ಮೇಜಿನ ಹಿಂದಿದ್ದವರು ಅದರ ಹೆಸರು ಹೇಳೋದು ಕಮ್ಮಿ.

ಕಾಕಾ: ಈಗ ನನ್ನ ದೊಡ್ಡ ಪ್ರಶ್ನಿ ಕೇಳ್ತೀನಿ. ಬೆಳಿಯೋ ದೇಶ ನಮ್ಮದು. ಮುದುಕಾದ ದೇಶಗಳು ಅವು, ಜಪಾನಿನ್ಯಾಗ ಮಂದಿನೇ ಕಮ್ಮಿ ಆಗ್ಲಿಕ್ಕತ್ತದ. ಬೆಳಿಯೋ ಹೊಲ ಬಿಟ್ಟು ಮುದಿ ಹೊಲಕ್ಕ ಯಾಕ ಗೊಬ್ಬರ ಹಾಕ್ಲಿ?

ಮಗಳು: ನಮ್ಮ ಹೊಲ ಬಿಡ್ರಿ ಅಂತ ನಾ ಎಂದೂ ಹೇಳಂಗಿಲ್ಲ. ದೊಡ್ಡ ಪಾಲು ಇಲ್ಲೇ ಇರ್ಲಿ. ಆದ್ರ ದೇಶ ಬೆಳಿಯೋದು ಬ್ಯಾರೆ, ಷೇರು ಗಳಿಸಿ ಕೊಡೋದು ಬ್ಯಾರೆ. ಎಷ್ಟು ಬೆಲಿ ಕೊಟ್ಟು ಕೊಂಡಿವಿ ಅನ್ನೋದು ಅದನ್ನ ತೀರ್ಮಾನಿಸ್ತದ. ಜಪಾನಿನ ಕಥಿನೇ ತಗೊಳ್ರಿ. 1989ರ ಡಿಸೆಂಬರ್ ಕೊನಿಗಿ ಅಲ್ಲಿನ ನಿಕ್ಕಿ ಸೂಚ್ಯಂಕ 38,915ಕ್ಕ ಹೋಗಿ ನಿಂತಿತ್ತು. ಇಡೀ ಪ್ರಪಂಚನ ಜಪಾನ್ ಕೊಂಡುಬಿಡ್ತದ ಅಂತ ಮಂದಿ ನಂಬಿದ ಕಾಲ ಅದು. ಆಮೇಲೆ ಬಿತ್ತು. 2009ರಾಗ 7,000ದ ಆಸುಪಾಸು ಇತ್ತು. ಆ ಹಳೇ ಎತ್ತರ ಮತ್ತ ದಾಟಿದ್ದು 2024ರ ಫೆಬ್ರುವರಿ 22ಕ್ಕ.

ಕಾಕಾ: ಮೂವತ್ನಾಲ್ಕು ವರ್ಷ! ಮಾಸ್ತರಿಕಿಗಿ ಸೇರಿದ ದಿನ ಹಾಕಿದವ ಪೆನ್ಷನ್ ಬಂದ್ರೂ ಕಾಯ್ತಾ ಕೂಡ್ಬೇಕು.

ಮಗಳು: ಡಿವಿಡೆಂಡ್ ಸೇರಿಸಿದ್ರ ಸ್ವಲ್ಪ ಮೊದಲೇ ಸರಿಯಾಗ್ತದ. ಆದ್ರೂ ನಿಮ್ಮ ಮಾತು ಖರೆ. ಜಪಾನಿನ ಮಂದಿ ದುಡಿಯೋದು ಬಿಟ್ಟಿರಲಿಲ್ಲ, ಟೊಯೋಟಾ ಕಾರು ಮಾಡೋದು ನಿಲ್ಲಿಸಿರಲಿಲ್ಲ. ತಮ್ಮ ಒಂದೇ ದೇಶನ ನಂಬಿ, ಏರಿದ ಬೆಲ್ಯಾಗ ಕೊಂಡವರಿಗಿ ಹೀಂಗಾತು. ನಾಳೆ ನಮ್ಮ ಪೇಟೆಗಿ ಹಿಂಗಾಗಂಗಿಲ್ಲ ಅಂತ ಯಾರೂ ಬರದು ಕೊಡಂಗಿಲ್ಲ. 2003ರಿಂದ 2007ರತನ ಭಾರತದ ಪೇಟೆ ಅಮೆರಿಕಾನ ಭಾಳ ಹಿಂದ ಹಾಕಿತ್ತು. ಅದರ ಮುಂದಿನ ದಶಕದಾಗ, 2011ರಿಂದ 2020ರತನ, ಅಮೆರಿಕ ನಮ್ಮನ್ನ ಹಿಂದ ಹಾಕ್ತು. ಮುಂದಿನ ಹತ್ತು ವರ್ಷ ಯಾರದು? ಅದನ್ನ ಹೇಳೋ ಸಾಹಸ ಬಿಟ್ಟವರ ಸಲುವಾಗಿ ಈ ಫಂಡ್ ಅದ.

ಕಾಕಾ: ಒಂದು ನಿಮಿಷ. ಈ 23 ದೇಶದಾಗ ಅಮೆರಿಕದ ಪಾಲು ಎಷ್ಟು?

ಮಗಳು: ಶೇ 70ರ ಆಸುಪಾಸು.

ಕಾಕಾ: ಮತ್ತ! 23 ದೇಶ ಅಂತ ಹೇಳಿ ಮುಕ್ಕಾಲು ಪಾಲು ಒಂದೇ ದೇಶಕ್ಕ ಒಯ್ದಿ. ತೊಗರಿ ಬಿಟ್ಟು ಅಮೆರಿಕ ಹಿಡಿ ಅಂದಂಗ ಆತು.

ಮಗಳು: ಇದು ಈ ಸೂಚ್ಯಂಕದ ಖರೇ ದೌರ್ಬಲ್ಯ, ಮುಚ್ಚಂಗಿಲ್ಲ. ನನಗೂ ಇದು ಚುಚ್ಚತದ. 1989ರಾಗ ಇದೇ ಸೂಚ್ಯಂಕದಾಗ ಜಪಾನಿನ ಪಾಲು ಶೇ 40ಕ್ಕೂ ಹೆಚ್ಚಿತ್ತು. ಈಗ ಶೇ 5-6. ಆ ಪಾಲು ಕರಗುವಾಗ ಸೂಚ್ಯಂಕ ಹಿಡದವ್ರಿಗಿ ನೋವಾಗಿರ್ತದ. ಆದ್ರ ಜಪಾನ್ ಇಳದಂಗ ಅದರ ಜಾಗಾಕ್ಕ ಬ್ಯಾರೆಯವರು ಬಂದ್ರು, ಯಾರೂ ಏನೂ ಮಾರಬೇಕಾಗ್ಲಿಲ್ಲ, ಕೊಳ್ಳಬೇಕಾಗ್ಲಿಲ್ಲ. ಟೋಕಿಯೋ ಒಂದನ್ನೇ ಹಿಡದವ 34 ವರ್ಷ ಕಾಯ್ದ. ಇಡೀ ಗಂಟು ಹಿಡದವ ಅಷ್ಟು ಕಾಯಲಿಲ್ಲ. ಅಮೆರಿಕ ನಾಳೆ ಸೋತ್ರ ಹಿಂಗೇ ಆಗ್ತದ, ನೋವು ಇದ್ದೇ ಇರ್ತದ. ಅಮೆರಿಕ ಬಿಟ್ಟು ಉಳದ ಮುಂದುವರಿದ ದೇಶಗಳ ಸೂಚ್ಯಂಕನೂ ಅದ. ಅಮೆರಿಕ, ಕೆನಡಾ ಎರಡನ್ನೂ ಬಿಟ್ಟು 21 ದೇಶ ಹಿಡಿಯೋ ಇಎಎಫ್‌ಇ ಅನ್ನೋದು ಹೆಸರುವಾಸಿ. ಹೊರದೇಶದಾಗ ಇರೋ ನಮ್ಮ ಮಂದಿ ಅದನ್ನ ಅಗ್ಗದಾಗ ಸೇರಿಸ್ಕೊಂಡು ಅಮೆರಿಕದ ಭಾರ ಇಳಿಸ್ತಾರ. ಇಲ್ಲಿ ಅಂಥ ಬಾಗಲಾ ಭಾಳ ಕಮ್ಮಿ.

ಕಾಕಾ: ಇಲ್ಲಿ ಪೇಟೆ ಬಿದ್ದಾಗ ಅಲ್ಲಿ ನಿಲ್ತದ ಅನ್ನೋ ಭರವಸಿ ಅದಯೇನು?

ಮಗಳು: ಇಲ್ಲ. ಇದನ್ನ ಬಾಯಿ ಬಿಟ್ಟು ಹೇಳಬೇಕು. 2008ರಾಗ ಎಲ್ಲಾ ಕೂಡೇ ಬಿದ್ವು. ಸೆನ್ಸೆಕ್ಸ್ 21,000ದಿಂದ 2009ರ ಮಾರ್ಚಿಗಿ 8,000ದ ಹತ್ತಿರ ಬಂತು, ಅಮೆರಿಕದ ಎಸ್ ಅಂಡ್ ಪಿ 500 ತನ್ನ ಎತ್ತರದಿಂದ ಶೇ 57 ಬಿತ್ತು. 2020ರ ಮಾರ್ಚಿನ್ಯಾಗ ಕೊರೊನಾ ಬಂದಾಗನೂ ಹಂಗೇ. ಒಂದು ದಿನದ ಬೆಂಕಿಗಿ ಇದು ಔಷಧ ಅಲ್ಲ. ಒಂದು ದೇಶ ಇಪ್ಪತ್ತು ವರ್ಷ ಬಳಲೋದಕ್ಕ, ಒಂದು ರೂಪಾಯಿ ಮೂವತ್ತು ವರ್ಷ ಸವಿಯೋದಕ್ಕ ಇದು.

ಕಾಕಾ: ರೂಪಾಯಿ ಮಾತು ಬಂತು. ನಮ್ಮ ಮುತ್ಯಾ ಒಂದು ಮಾತು ಹೇಳ್ತಿದ್ದ. ನಿಜಾಮನ ಕಾಲಕ್ಕ ಇಲ್ಲಿ ಹಾಲಿ ಸಿಕ್ಕಾ ನಡೀತಿತ್ತು. ಸೊಲ್ಲಾಪುರ ಇಂಗ್ಲಿಷರದ್ದು, ಅಲ್ಲಿ ಕಲ್ದಾರ್. ಏಳು ಹಾಲಿ ಕೊಟ್ರ ಆರು ಕಲ್ದಾರ್. ಮುತ್ಯಾ ಮಾಲು ಸೊಲ್ಲಾಪುರಕ್ಕ ಒಯ್ದು ಮಾರಿ ಕಲ್ದಾರ್ ತಂದು ಪೆಟಿಗ್ಯಾಗ ಇಡ್ತಿದ್ದನಂತ. ಹಾಲಿ ಖರ್ಚಿಗಿ, ಕಲ್ದಾರ್ ಇಡ್ಲಿಕ್ಕ ಅಂತಿದ್ದ. 1948ರಾಗ ಹೈದರಾಬಾದ್ ಭಾರತದಾಗ ಸೇರಿದ ಮ್ಯಾಲೆ ಹಾಲಿನೇ ಹೋತು.

ಮಗಳು: ಕಾಕಾ, ಹಂಗಾದ್ರ ನಾನು ನಿಮಗ ಹೇಳ್ಲಿಕ್ಕತ್ತದ್ದು ನಮ್ಮ ಮನ್ಯಾಗ ಹೊಸಾದೇ ಅಲ್ಲ! ನಿಜಾಮರು ಆ ಹಾಲಿ ನೋಡ್ಕೊಳ್ಳಲಿಕ್ಕನೂ ಅಂತ 1941ರಾಗ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಮಾಡಿದ್ರು. ಅದೇ ಮುಂದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ 2017ರ ಏಪ್ರಿಲ್ 1ಕ್ಕ ಎಸ್‌ಬಿಐ ಒಳಗ ಕೂಡ್ತು. ಮುತ್ಯಾನ ಮನ್ಯಾಗ ಎರಡು ನಾಣ್ಯ ಇದ್ವು. ನಿಮ್ಮ ಮನ್ಯಾಗ ಒಂದೇ ಅದ. 1966ರ ಜೂನಿನ್ಯಾಗ ಡಾಲರಿಗಿ 4.76 ಇದ್ದದ್ದು ಒಂದೇ ದಿನಕ್ಕ 7.50 ಮಾಡಿದ್ರು. 1991ರ ಜುಲೈನ್ಯಾಗ ಮತ್ತ ಇಳಿಸಿದ್ರು, 25ರ ಆಸುಪಾಸು ಬಂತು. 2025ರ ಡಿಸೆಂಬರಿನ್ಯಾಗ 90 ದಾಟಿತು. 1991ರಿಂದ ಈಚೆಗೆ ಸರಾಸರಿ ವರ್ಷಕ್ಕ ಶೇ 3ರಿಂದ 4 ಸವದದ.

ಕಾಕಾ: ಅಷ್ಟು ಲಾಭ ಪುಕ್ಕಟೆ ಸಿಕ್ಕಂಗ ಆತಲ್ಲ.

ಮಗಳು: ಹಂಗ ತಿಳ್ಕೊಂಡ್ರ ಮೋಸ ಹೋಗ್ತೀವಿ. ಇಷ್ಟು ವರ್ಷ ಇಲ್ಲಿ ಬೆಲಿ ಏರಿಕಿ ಸಾಮಾನ್ಯವಾಗಿ ಅಲ್ಲಿಗಿಂತ ಹೆಚ್ಚಿತ್ತು, ಎಫ್‌ಡಿ ಬಡ್ಡಿನೂ ಅದಕ್ಕೇ ಹೆಚ್ಚು. ಮತ್ತ ರೂಪಾಯಿ ಪ್ರತಿ ವರ್ಷ ಇಳಿಯಂಗಿಲ್ಲ. 2002ರಾಗ 49ರ ಹತ್ತಿರ ಇದ್ದದ್ದು 2007ರ ಕೊನಿಗಿ 39ಕ್ಕ ಬಂದು ಗಟ್ಟಿಯಾಗಿತ್ತು. ಆಗ ಹೊರಗ ಇಟ್ಟವರಿಗಿ ಅಷ್ಟು ಲುಕ್ಸಾನ. ನಾ ಲಾಭದ ಮಾತು ಆಡಂಗಿಲ್ಲ. ಮೊಮ್ಮಗಳು ಹೊರಗ ಓದ್ಲಿಕ್ಕ ಹೋಗ್ತೀನಿ ಅಂದ್ರ ಫೀ ಡಾಲರಿನ್ಯಾಗ ಕೇಳ್ತಾರ, ಯೂರೋದಾಗ ಕೇಳ್ತಾರ. ಆ ಖರ್ಚು ಯಾವ ನಾಣ್ಯದಾಗ ಬರ್ತದೋ ಉಳಿತಾಯದಾಗೂ ಸ್ವಲ್ಪ ಆ ನಾಣ್ಯ ಇರಬೇಕು.

ಕಾಕಾ: ನಮ್ಮ ದೇಶದ ರೊಕ್ಕ ಹೊರಗ ಹಾಕೋದು ಸರಿಯೇನು ಅನ್ನೋದೂ ಮನಸ್ಸಿನ್ಯಾಗ ಅದ.

ಮಗಳು: ಹೊರಗಿನವರ ರೊಕ್ಕ ನಮ್ಮ ಬ್ಯಾಂಕು, ನಮ್ಮ ಕಂಪನಿ ಷೇರಿನ್ಯಾಗ ಭಾಳ ಅದ. ಇನ್ಫೋಸಿಸ್ ಷೇರು 1999ರ ಮಾರ್ಚಿನ್ಯಾಗ ಅಮೆರಿಕದ ನಾಸ್ಡ್ಯಾಕ್ ಪೇಟೆಗಿ ಹೋದಾಗ ಕನ್ನಡಿಗರು ಹೆಮ್ಮಿ ಪಟ್ಟರು. ಅಲ್ಲಿನವರು ನಮ್ಮದನ್ನ ಕೊಂಡ್ರ ಹೆಮ್ಮಿ, ನಾವು ಅಲ್ಲಿದನ್ನ ಕೊಂಡ್ರ ತಪ್ಪು ಅನ್ನೋದು ಹ್ಯಾಂಗ? ಮತ್ತ ನಮ್ಮ ಸರಕಾರ ಮಿತಿ ಹಾಕೇ ಬಿಟ್ಟದ, ಬೇಕಂದ್ರೂ ಹೆಚ್ಚು ಹೋಗ್ಲಿಕ್ಕ ಬಿಡಂಗಿಲ್ಲ.

ಕಾಕಾ: ಆ ಬಾಗಲದ ಮಾತು ಹೇಳು. ಮೊನ್ನೆ ಫೋನಿನ್ಯಾಗ ಯಾರೋ ಒಬ್ಬಂವ ಆ್ಯಪ್ ಹಾಕ್ಕೊಳ್ರಿ, ಡಾಲರ್ ವ್ಯಾಪಾರ ಮಾಡ್ರಿ, ತಿಂಗಳಿಗಿ ಶೇ 10 ಕೊಡಿಸ್ತೀನಿ ಅಂದ.

ಮಗಳು: ಅವನ ನಂಬರ್ ಮೊದಲ ಬಂದ್ ಮಾಡ್ರಿ. ಅನುಮತಿ ಇಲ್ಲದ ಡಾಲರ್ ವ್ಯಾಪಾರದ ಆ್ಯಪುಗಳ ಪಟ್ಟಿನ ರಿಸರ್ವ್ ಬ್ಯಾಂಕ್ 2022ರಿಂದ ತನ್ನ ಜಾಲತಾಣದಾಗ ಹಾಕ್ಲಿಕ್ಕತ್ತದ. ತಿಂಗಳಿಗಿ ಶೇ 10 ಅಂದವರ ಜೋಡಿ ನಾ ಹೇಳೋದಕ್ಕ ಯಾವ ಸಂಬಂಧನೂ ಇಲ್ಲ. ಕಾನೂನಿನ ಬಾಗಲಾ ಎರಡು ಅವ. ಒಂದು, ನಮ್ಮ ಮ್ಯೂಚುವಲ್ ಫಂಡುಗಳ ಮೂಲಕ ರೂಪಾಯಿನ್ಯಾಗೇ ಕೊಡೋದು. 2011ರಾಗ ಮೋತಿಲಾಲ್ ಓಸ್ವಾಲ್ ನಾಸ್ಡ್ಯಾಕ್ 100 ಇಟಿಎಫ್, ಅಂದ್ರ ಷೇರಿನಂಗ ಪೇಟ್ಯಾಗ ಕೊಳ್ಳೋ ಫಂಡ್, ತಂತು, 2020ರಾಗ ಎಸ್ ಅಂಡ್ ಪಿ 500 ಫಂಡ್ ತಂತು. 2021ರಾಗ ಎಚ್‌ಡಿಎಫ್‌ಸಿ ಮ್ಯೂಚುವಲ್ ಫಂಡ್ ಮುಂದುವರಿದ ದೇಶಗಳನ್ನೆಲ್ಲಾ ಹಿಡಿಯೋ ಒಂದು ಫಂಡ್ ತೆರೀತು. ಅದು ಹೊರದೇಶದ ಬ್ಯಾರೆ ಬ್ಯಾರೆ ಇಂಡೆಕ್ಸ್ ಫಂಡುಗಳನ್ನ ಕೊಳ್ತದ. ಅಂಥವುಗಳೊಳಗ ಖರ್ಚು ಎರಡು ಸಲ ಬೀಳ್ತದ, ಒಳಗಿನ ಫಂಡಿಂದು, ಹೊರಗಿನ ಫಂಡಿಂದು. ಎರಡೂ ಕೂಡಿಸಿ ನೋಡ್ರಿ.

ಕಾಕಾ: ಮಿತಿ ಅಂದಿ?

ಮಗಳು: ದೇಶದ ಎಲ್ಲಾ ಮ್ಯೂಚುವಲ್ ಫಂಡ್ ಕೂಡಿ ಹೊರಗ ಹಾಕಬಹುದಾದ್ದು 700 ಕೋಟಿ ಡಾಲರ್, ಇಟಿಎಫಿಗಿ ಬ್ಯಾರೆ 100 ಕೋಟಿ. ಆ 700 ಕೋಟಿ 2008ರಾಗ ಇಟ್ಟ ಗೆರಿ. 2022ರ ಫೆಬ್ರುವರಿಗಿ ಅದು ತುಂಬಿ ಹೊಸ ರೊಕ್ಕ ತಗೊಳ್ಳೋದೇ ನಿಲ್ಲಿಸಿದ್ರು. ಆಮೇಲೆ ಮಂದಿ ಮಾರಿದಷ್ಟು ಜಾಗಾ ಆದಂಗ ಬಾಗಲಾ ತೆರೀತದ, ಮುಚ್ಚತದ. 2024ರ ಏಪ್ರಿಲಿಂದ ಹೊರದೇಶದ ಇಟಿಎಫಿಗಿ ರೊಕ್ಕ ಹಾಕೋ ಫಂಡಿಗೂ ತಡಿ ಬಂತು. ಇದು ನನಗ ಸರಿ ಕಾಣಂಗಿಲ್ಲ. ದೇಶದ ಉಳಿತಾಯ 2008ರ ನಂತರ ಎಷ್ಟು ಪಟ್ಟು ಬೆಳದದ, ಗೆರಿ ಅಲ್ಲೇ ಅದ. ಇದರಿಂದ ಒಂದು ಕೆಟ್ಟ ಪರಿಣಾಮನೂ ಆಗ್ಯದ. ಹೊಸ ಯೂನಿಟ್ ಹುಟ್ಟಲಾರದ್ದಕ್ಕ ಪೇಟ್ಯಾಗ ಇದ್ದ ಇಟಿಎಫ್‌ಗಳನ್ನ ಅವುಗಳ ಖರೇ ಬೆಲಿಗಿಂತ ಹೆಚ್ಚು ಕೊಟ್ಟು ಮಂದಿ ಕೊಳ್ತಾರ. ಖರ್ಚು ಅರ್ಧ ಶೇಕಡಾ ಉಳಿಸ್ಲಿಕ್ಕ ಹೋಗಿ ಕೊಳ್ಳುವಾಗೇ ಅದರ ಎಷ್ಟೋ ಪಟ್ಟು ಕಳಕೋತಾರ. ಇಟಿಎಫ್ ಕೊಳ್ಳೋದಾದ್ರ ಆ ದಿನದ ಎನ್‌ಎವಿ, ಅಂದ್ರ ಖರೇ ಬೆಲಿ, ಅದರ ಜೋಡಿ ಪೇಟೆ ಬೆಲಿ ತಾಳೆ ನೋಡದೇ ಮುಟ್ಟಬ್ಯಾಡ್ರಿ.

ಕಾಕಾ: ಎರಡನೇ ಬಾಗಲಾ?

ಮಗಳು: ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್, ಮಂದಿ ತಮ್ಮ ರೊಕ್ಕ ಹೊರಗ ಕಳಿಸೋ ಯೋಜನಿ. 2004ರಾಗ 25,000 ಡಾಲರಿಂದ ಶುರುವಾತು, ಈಗ ಒಬ್ಬರಿಗಿ ವರ್ಷಕ್ಕ 2,50,000 ಡಾಲರ್. ನೇರವಾಗಿ ಹೊರಗಿನ ಅಗ್ಗದ ಫಂಡ್ ಕೊಳ್ಳಬಹುದು. ಆದ್ರ ವರ್ಷಕ್ಕ 10 ಲಕ್ಷ ದಾಟಿದ್ರ ಹೂಡಿಕಿಗಿ ಕಳಿಸೋ ರೊಕ್ಕದಾಗ ದಾಟಿದಷ್ಟರ ಮ್ಯಾಲೆ ಶೇ 20 ಟಿಸಿಎಸ್, ಅಂದ್ರ ಮುಂಗಡ ತೆರಿಗಿ, ಹಿಡೀತಾರ, ಅದನ್ನ ತೆರಿಗ್ಯಾಗ ವಜಾ ಮಾಡ್ಕೋಬೇಕು. ಆದಾಯ ತೆರಿಗಿ ಫಾರ್ಮಿನ್ಯಾಗ ಹೊರದೇಶದ ಆಸ್ತಿ ಪಟ್ಟಿ ತುಂಬಬೇಕು, ಬಿಟ್ರ ಕಪ್ಪುಹಣದ ಕಾನೂನಿನ್ಯಾಗ ದಂಡ ಅದ. ಅಮೆರಿಕದಾಗ ನೇರ ಇಟ್ಟಿದ್ದು 60,000 ಡಾಲರ್ ದಾಟಿದ್ರ, ಇಟ್ಟವರು ತೀರಿಕೊಂಡಾಗ ಅಲ್ಲಿನ ಸರಕಾರ ಶೇ 40ರತನ ತೆರಿಗಿ ಕೇಳಬಹುದು. ನಿಮಗ ಈ ಬಾಗಲಾ ಬ್ಯಾಡ್ರಿ. ರೂಪಾಯಿ ಬಾಗಲಾ ತೆರದಿದ್ರ ಅದರಾಗ ಹೋಗ್ರಿ, ಮುಚ್ಚಿದ್ರ ಕಾಯ್ರಿ.

ಕಾಕಾ: ರೂಪಾಯಿ ಬಾಗಲಾದಾಗ ತೆರಿಗಿ?

ಮಗಳು: ಇಟಿಎಫ್ ಬಿಟ್ಟು ಉಳದ ಫಂಡ್ ಎರಡು ವರ್ಷ ದಾಟಿ ಮಾರಿದ್ರ ಲಾಭದ ಮ್ಯಾಲೆ ಶೇ 12.5. ಮೊದಲೇ ಮಾರಿದ್ರ ನಿಮ್ಮ ಆದಾಯದ ಸ್ಲ್ಯಾಬಿನಂಗ. ಭಾರತದ ಷೇರು ಫಂಡಿಗಿರೋ 1.25 ಲಕ್ಷದ ವಿನಾಯ್ತಿ ಇದಕ್ಕಿಲ್ಲ. ಅಷ್ಟೇ.

ಕಾಕಾ: ಈಗ ನನ್ನ ರೊಕ್ಕಕ್ಕ ಬಾ. ಇಪ್ಪತ್ತು ಲಕ್ಷ ಹಿಡಿ.

ಮಗಳು: ಮೊದಲ, ಕಾಕಿ ಬಂಗಾರ ಬ್ಯಾಂಕಿನ್ಯಾಗ ಒತ್ತಿ ಇಟ್ಟದ್ದು ಬಿಡಿಸ್ರಿ. ಆ ಬಡ್ಡಿಗಿಂತ ಹೆಚ್ಚು ಯಾವ ಫಂಡೂ ಖಾತ್ರಿ ಕೊಡಂಗಿಲ್ಲ. ಸಹಕಾರ ಸಂಘದ ಬೆಳಿಸಾಲ ಶೂನ್ಯ ಬಡ್ಡಿದು, ಅದಕ್ಕ ಅವಸರ ಬ್ಯಾಡ, ವಾಯಿದೆ ಮಾತ್ರ ತಪ್ಪಿಸಬ್ಯಾಡ್ರಿ. ದವಾಖಾನಿ ವಿಮಾ ಇಬ್ಬರಿಗೂ ಬೇಕು. ಅಂಚೆ ಕಚೇರಿಯ ಹಿರಿಯರ ಉಳಿತಾಯ ಯೋಜನ್ಯಾಗ ದೊಡ್ಡ ಪಾಲು ಇಡ್ರಿ, ಮೂರು ತಿಂಗಳಿಗೊಮ್ಮೆ ಬಡ್ಡಿ ಬರ್ತದ. ಇಷ್ಟಾಗಿ ಹತ್ತು ವರ್ಷ ಮುಟ್ಟಂಗಿಲ್ಲ ಅನ್ನೋ ರೊಕ್ಕ ಎಷ್ಟುಳೀತದ? ಐದು ಲಕ್ಷ ಅನ್ರಿ. ಅದರಾಗ ನಾಲ್ಕು ಲಕ್ಷ ಭಾರತದ ಇಂಡೆಕ್ಸ್ ಫಂಡಿಗಿ. ಒಂದು ಲಕ್ಷ ಹೊರಗ, ತಿಂಗಳಿಗಿ ಐದು ಸಾವಿರದಂಗ.

ಕಾಕಾ: ಇಷ್ಟೆಲ್ಲಾ ಮಾತಾಡಿ ಇಪ್ಪತ್ತರಾಗ ಒಂದೇ ಲಕ್ಷನಾ?

ಮಗಳು: ಹೌದು. ನಿಮ್ಮ ವಯಸ್ಸಿಗಿ ಅಷ್ಟು ಸಾಕು. ನನ್ನ ಚಿಂತಿ ಹುಡುಗಂದು. ಅವನಿಗಿ ಪೆನ್ಷನ್ ಇಲ್ಲ. ಅವನ ಗಳಿಕಿ, ಉದ್ರಿ, ಮುಂದ ಬರೋ ಹೊಲ, ಎಲ್ಲಾ ಇದೇ ತೊಗರಿ ಮ್ಯಾಲೆ. ಚಲೋ ಸುಗ್ಗಿ ವರ್ಷ ಬಂದ ರೊಕ್ಕನೆಲ್ಲ ಅವ ಮತ್ತ ಮಾಲಿಗೇ ಹಾಕ್ತಾನ, ಇಲ್ಲ ಪಕ್ಕದ ಎರಡು ಎಕರೆ ಕೇಳ್ತಾನ. 25 ವರ್ಷ ಸಮಯ ಇರೋದು ಅವನಿಗಿ. ಷೇರಿಗಿ ಇಡೋದರಾಗ ನಾಲ್ಕನೇ ಒಂದು ಪಾಲು ಅವ ಹೊರಗ ಇಟ್ರ ನನಗ ಸಮಾಧಾನ.

ಕಾಕಾ: ನಾಲ್ಕನೇ ಪಾಲು ಹೆಚ್ಚಾತು. ಎಂಟನೇ ಪಾಲು ಅಂದ್ರ ನಾನೂ ಅವನಿಗಿ ಹೇಳಬಹುದು. ಅವ ಕೇಳೋದು ಬ್ಯಾರೆ ಮಾತು, ಪಕ್ಕದ ಹೊಲ ಮಾರಾಟಕ್ಕ ಬಂದದ ಅಂತ ಈಗೇ ಕುಣೀಲಿಕ್ಕತ್ಯಾನ.

ಮಗಳು: ಹೊಲ ಕೊಳ್ಳಬ್ಯಾಡ ಅಂತ ನಾ ಹೇಳ್ಲಿಕ್ಕ ಹೋಗಂಗಿಲ್ಲ, ಜಗಳ ಆಗ್ತದ. ಅವನ ಜೋಡಿ ಆಯಿತವಾರ ಬರ್ರಿ. ಪ್ಯಾನ್ ಕಾರ್ಡ್, ಆಧಾರ್ ತರ್ಲಿ. ಅಂಗಡಿ ಉದ್ರಿ ಖಾತಿನೂ ತರ್ಲಿಕ್ಕ ಹೇಳ್ರಿ. 2022ರ ಉದ್ರಿ ಇನ್ನೂ ಎಷ್ಟು ಬಾಕಿ ಅದ ಅನ್ನೋದನ್ನ ಮೊದಲ ಕೂಡಿಸೋಣ.

ಕಾಕಾ: ಅದು ಅವನಿಗೂ ಗೊತ್ತಿಲ್ಲ.

ಮಗಳು: ಹಂಗಾದ್ರ ಅಲ್ಲಿಂದನೇ ಶುರು ಮಾಡೋಣು.